ಮನೆಗೆ ಹಾವು ಬಂತೇ? ಜೇಬಿನ ಚಾಕು ತೆಗೆಯುವ ಮುನ್ನ ಇದನ್ನು ಓದಿ

ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಹಾವುಗಳು ಒಣ ಜಾಗ ಹುಡುಕಿಕೊಂಡು ಮನೆ, ಪಾರ್ಕಿಂಗ್, ಗೋದಾಮು ಸೇರುತ್ತವೆ. ಆಗ ಕೆಲವರು ಕೋಲು ಹಿಡಿಯುತ್ತಾರೆ, ಇನ್ನು ಕೆಲವರ ಕೈ ಜೇಬಿನಲ್ಲಿರುವ ಮಡಚುವ ಚಾಕುವಿನತ್ತ ಹೋಗುತ್ತದೆ. ಹಣ್ಣು, ಹಗ್ಗ, ಪಾರ್ಸೆಲ್ ಕತ್ತರಿಸಲು ಉಪಯೋಗಕ್ಕೆ ಬರುವ ಈ ಚಾಕು ಹಾವಿನ ವಿಷಯದಲ್ಲಿ ಮಾತ್ರ ಅಪಾಯವನ್ನು ಹೆಚ್ಚಿಸುತ್ತದೆ.

ಹಾವು ಕಂಡ ಕೂಡಲೇ ಏನು ಮಾಡಬೇಕು?

* ಕನಿಷ್ಠ ಎರಡು ಮೀಟರ್ ದೂರ ಸರಿಯಿರಿ. ಮಕ್ಕಳನ್ನು, ಸಾಕುಪ್ರಾಣಿಗಳನ್ನು ಹೊರಗೆ ಕಳಿಸಿ.
* ಹಾವು ಕೋಣೆಯಲ್ಲಿದ್ದರೆ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ.
* ಹಾವು ಎಲ್ಲಿದೆ ಎಂದು ದೂರದಿಂದಲೇ ಗಮನಿಸುತ್ತಿರಿ.
* ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೇರೆ ರಾಜ್ಯಗಳಲ್ಲಿ ಸ್ಥಳೀಯ ಅರಣ್ಯ ಕಚೇರಿ ಅಥವಾ 112ಕ್ಕೆ ತಿಳಿಸಿ.

ನಾವೇ ಹಿಡಿದರೆ ತಪ್ಪೇನು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು ಎಂಬ ಅರ್ಥವೂ ಇದೆ. ಅನುಮತಿ ಇಲ್ಲದೆ ಹಾವು ಹಿಡಿದು ಸೆಲ್ಫಿ ತೆಗೆದುಕೊಂಡರೆ ಜೀವಕ್ಕೂ ಅಪಾಯ, ಕೇಸೂ ಬೀಳಬಹುದು.

ತರಬೇತಿ ಪಡೆದ ಉರಗ ರಕ್ಷಕರು ಹಾವಿನ ಕುತ್ತಿಗೆ ಒತ್ತಿ ಹಿಡಿಯುವುದಿಲ್ಲ. ಕೊಕ್ಕೆಯಿಂದ ಮೈಗೆ ಆಧಾರ ಕೊಟ್ಟು, ಪೈಪ್ ಜೋಡಿಸಿದ ಚೀಲದ ಬಾಯಿಗೆ ದಾರಿ ತೋರಿಸುತ್ತಾರೆ. ಕತ್ತಲೆಯ ಬಿಲವೆಂದು ತಿಳಿದು ಹಾವು ತಾನೇ ಒಳಗೆ ಹೋಗುತ್ತದೆ.

ಬಲೆಗೆ ಸಿಕ್ಕಿಬಿದ್ದಿದ್ದರೆ?

ಕೈತೋಟದ ನೈಲಾನ್ ಬಲೆಯಲ್ಲಿ ಕೆರೆಹಾವು, ನಾಗರಹಾವು ಸಿಕ್ಕಿಕೊಳ್ಳುವುದುಂಟು. ಒದ್ದಾಡಿದಷ್ಟೂ ದಾರ ಮೈಗೆ ಬಿಗಿಯುತ್ತದೆ. ಬ್ಲೇಡಿಗೆ ಕೆಲಸ ಇರುವುದು ಇಲ್ಲಿ ಮಾತ್ರ, ಅದೂ ರಕ್ಷಕರ ಕೈಯಲ್ಲಿ. ಚೂಪು ತುದಿಯ ಚಾಕು ಹಾವಿನ ಚರ್ಮ ಸೀಳಬಹುದು, ಹೀಗಾಗಿ ಮೊಂಡು ತುದಿಯ ಕತ್ತರಿಯೇ ಮೇಲು. ಗಾಯವಾಗಿದ್ದರೆ ಪಶುವೈದ್ಯರಿಗೆ ತೋರಿಸದೆ ಹಾವನ್ನು ಬಿಡಬಾರದು.

ದೂರದ ಕಾಡಿಗೆ ಬಿಡಬೇಕೇ?

ಬೇಡ. ಹಾವಿಗೆ ತನ್ನ ಜಾಗದ ಬಿಲ, ನೀರು, ಆಹಾರದ ಪರಿಚಯ ಇರುತ್ತದೆ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ, ದೂರ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ಅಲೆದಾಡಿದ್ದು ಕಂಡುಬಂದಿತ್ತು. ಸಿಕ್ಕ ಜಾಗಕ್ಕೆ ಹತ್ತಿರದಲ್ಲೇ, ಜನಸಂಚಾರ ಕಡಿಮೆ ಇರುವ ಕಡೆ ಬಿಡುವುದು ಸೂಕ್ತ.

ಕಚ್ಚಿದರೆ ಚಾಕು ಮುಟ್ಟಬೇಡಿ

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತಿದ್ದಾರೆಂದು ಅಂದಾಜಿಸಲಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ಗಾಯ ಕೊಯ್ದು ರಕ್ತ ಹೀರಿದರೆ ವಿಷ ಹೊರಬರುವುದಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಕೊಯ್ದ ಗಾಯದಿಂದ ರಕ್ತ ಸುರಿಯುತ್ತಲೇ ಇರಬಹುದು. ಬಿಗಿಯಾಗಿ ಹಗ್ಗ ಕಟ್ಟಲೂಬೇಡಿ. ಉಂಗುರ, ಬಳೆ, ವಾಚ್ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕಟ್ಟುಹಾವಿನ ಕಡಿತಕ್ಕೆ ನೋವೇ ಇರದಿರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗ್ಗೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ತಡಮಾಡಬೇಡಿ.

ಚಾಕು ಇಟ್ಟುಕೊಳ್ಳುವವರಿಗೆ

ವಿಮಾನದ ಕ್ಯಾಬಿನ್‌ಗೆ ಚಾಕು ಒಯ್ಯುವಂತಿಲ್ಲ. ದೆಹಲಿಯಲ್ಲಿ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾಕುಗಳ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯಡಿ 1980ರ ಅಧಿಸೂಚನೆಯ ನಿರ್ಬಂಧವಿದೆ. ಹಾವಿನ ಭಯಕ್ಕೆ ಜೇಬಿನಲ್ಲಿ ಇರಬೇಕಾದ್ದು ಚಾಕುವಲ್ಲ. ಒಂದು ಟಾರ್ಚ್, ಮೊಬೈಲಿನಲ್ಲಿ ಸೇವ್ ಮಾಡಿಟ್ಟ ಹತ್ತಿರದ ಆಸ್ಪತ್ರೆ ಮತ್ತು ಅರಣ್ಯ ಕಚೇರಿಯ ನಂಬರ್.