ಯೆಗೊರೋವ್ ಮೇಷ್ಟ್ರ ಖಾಲಿ ಕುರ್ಚಿ

ವೀಕ್ಷಕರೇ, ಇವತ್ತು ಒಬ್ಬ ಲೆಕ್ಕದ ಮೇಷ್ಟ್ರ ಕಥೆ ಹೇಳ್ತೀನಿ. ಚಾನೆಲ್ ಬದಲಿಸಬೇಡಿ, ಲೆಕ್ಕ ಬಿಡಿಸಿ ಅಂತ ನಿಮ್ಮನ್ನು ಕೇಳಲ್ಲ. ಈ ಕಥೆಯಲ್ಲಿ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಸರ್ಕಾರ ಒಬ್ಬ ಮೇಷ್ಟ್ರನ್ನು ಶತ್ರು ಅಂತ ಕರೆದಾಗ, ಆತನ ಕೈಯಲ್ಲಿ ಕಲಿತವರು ಯಾವ ಕಡೆ ನಿಲ್ಲುತ್ತಾರೆ?

ಹೆಸರು ದ್ಮಿತ್ರಿ ಫ್ಯೋದೊರೊವಿಚ್ ಯೆಗೊರೋವ್. 1869ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ತಂದೆಯೂ ಮೇಷ್ಟ್ರೇ. ಯೆಗೊರೋವ್ ಓದಿದ್ದು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ, ಪಾಠ ಮಾಡಿದ್ದೂ ಅಲ್ಲೇ. ನಡುವೆ ಬರ್ಲಿನ್, ಪ್ಯಾರಿಸ್, ಗಟ್ಟಿಂಗೆನ್ ಸುತ್ತಿ, ಯುರೋಪಿನ ಹೊಸ ಗಣಿತ ಏನು ಅಂತ ನೋಡಿಕೊಂಡು ಬಂದರು. 1903ರಲ್ಲಿ ಪ್ರೊಫೆಸರ್ ಆದರು. ಮಾತು ಕಡಿಮೆ, ಶಿಸ್ತು ಜಾಸ್ತಿ. ಭಾಷಣಕಾರರಲ್ಲ, ಹೋರಾಟಗಾರರೂ ಅಲ್ಲ.

ಇವರ ಹೆಸರಿನಲ್ಲೇ ಒಂದು ಪ್ರಮೇಯ ಇದೆ, 1911ರದ್ದು. ಇವತ್ತಿಗೂ ಎಂ.ಎಸ್ಸಿ. ಗಣಿತದ ಹುಡುಗರು ಅದನ್ನು ಓದಲೇಬೇಕು. ಸರಳವಾಗಿ ಹೇಳ್ತೀನಿ, ಕೇಳಿ. ಒಂದು ತರಗತಿಯಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳಿದ್ದಾರೆ ಅಂದುಕೊಳ್ಳಿ. ಪ್ರತಿಯೊಂದು ಮಗುವೂ ಒಂದಲ್ಲ ಒಂದು ದಿನ ಪಾಠ ಕಲಿತೇ ಕಲಿಯುತ್ತೆ, ಕಲಿತದ್ದನ್ನು ಮರೆಯೋದೂ ಇಲ್ಲ. ಹಾಗಂತ ಇಂಥ ತಾರೀಖಿನೊಳಗೆ ಎಲ್ಲರೂ ಕಲಿತಿರುತ್ತಾರೆ ಅಂತ ಒಂದು ಗಡುವು ಹಾಕೋಕಾಗುತ್ತಾ? ಆಗಲ್ಲ. ಗಡುವು ಎಷ್ಟೇ ಮುಂದಕ್ಕೆ ಹಾಕಿದರೂ ಅದನ್ನು ದಾಟಿ ಹಿಂದುಳಿಯುವವರು ಇದ್ದೇ ಇರಬಹುದು. ಯೆಗೊರೋವ್ ಹೇಳಿದ್ದೇನು? ತೀರಾ ಸಣ್ಣ ಪಾಲು, ನೀವು ಬಯಸಿದಷ್ಟು ಸಣ್ಣ ಪಾಲನ್ನು ಪಕ್ಕಕ್ಕಿಡಿ. ಉಳಿದವರಿಗೆಲ್ಲ ಒಂದೇ ಗಡುವು ಹಾಕಬಹುದು. ಇದನ್ನು ಗಣಿತದ ಭಾಷೆಯಲ್ಲಿ ಅವರು ಸಾಧಿಸಿ ತೋರಿಸಿದರು.

ಆದರೆ ನನ್ನ ಪ್ರಕಾರ ಅವರ ದೊಡ್ಡ ಕೆಲಸ ಈ ಪ್ರಮೇಯ ಅಲ್ಲ. ಅವರ ಶಿಷ್ಯರು. 1910ರ ಹೊತ್ತಿಗೆ ಅವರು ಮಾಸ್ಕೋದಲ್ಲಿ ಒಂದು ಸಂಶೋಧನಾ ಸೆಮಿನಾರ್ ಶುರು ಮಾಡಿದರು. ಗುರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳೋದಲ್ಲ, ಬಗೆಹರಿಯದ ಸಮಸ್ಯೆಯನ್ನು ಹುಡುಗರ ಮುಂದಿಟ್ಟು ಒದ್ದಾಡಲು ಬಿಡೋದು. ಅವರ ಮೊದಲ ದೊಡ್ಡ ಶಿಷ್ಯ ನಿಕೊಲಾಯ್ ಲೂಜಿನ್. 1905ರ ಕ್ರಾಂತಿಯ ಹೊತ್ತಿನಲ್ಲಿ ಈ ಹುಡುಗ ಮಾಸ್ಕೋ ಬೀದಿಗಳ ಬಡತನ ಕಂಡು ಕುಸಿದುಹೋಗಿದ್ದ. ಜನ ಹೀಗೆ ನರಳುತ್ತಿರುವಾಗ ಈ ಗಣಿತ ಯಾಕೆ ಅನ್ನುವ ಹಂತಕ್ಕೆ ಬಂದಿದ್ದ. ಯೆಗೊರೋವ್ ಏನು ಮಾಡಿದರು? ಬೈಯಲಿಲ್ಲ. ಪ್ಯಾರಿಸ್‌ಗೆ ಕಳಿಸಿದರು. ಹುಡುಗ ಉಳಿದುಕೊಂಡ. ಮುಂದೆ ಆ ಲೂಜಿನ್ ಸುತ್ತ ಒಂದು ದಂಡೇ ಬೆಳೆಯಿತು. ಅಲೆಕ್ಸಾಂದ್ರೋವ್, ಉರಿಸೋನ್, ಕೊಲ್ಮೊಗೊರೋವ್, ನೀನಾ ಬಾರಿ. ಇಪ್ಪತ್ತನೇ ಶತಮಾನದ ಗಣಿತದ ಚರಿತ್ರೆಯಿಂದ ಈ ಹೆಸರುಗಳನ್ನು ತೆಗೆದರೆ ಪುಟಕ್ಕೆ ಪುಟ ಖಾಲಿ.

1917ರಲ್ಲಿ ಕ್ರಾಂತಿ ಆಯಿತು. ಅಂತರ್ಯುದ್ಧ, ಹಸಿವು, ಉರುವಲಿಲ್ಲದ ಚಳಿಗಾಲ. ಆದರೂ ಮಾಸ್ಕೋದಲ್ಲಿ ಗಣಿತದ ಪಾಠ ನಿಲ್ಲಲಿಲ್ಲ. 1920ರ ದಶಕದಲ್ಲಿ ಯೆಗೊರೋವ್ ಮಾಸ್ಕೋ ಗಣಿತ ಸಂಘದ ಅಧ್ಯಕ್ಷರು, ವಿಶ್ವವಿದ್ಯಾಲಯದ ಗಣಿತ ಸಂಸ್ಥೆಯ ನಿರ್ದೇಶಕರು. ಹಾಗಾದರೆ ಸಮಸ್ಯೆ ಏನು?

ಸಮಸ್ಯೆ ದೇವರು. ಯೆಗೊರೋವ್ ಆಸ್ತಿಕರು. ದೇವರ ನಾಮದಲ್ಲೇ ದೇವರಿದ್ದಾನೆ ಎಂದು ನಂಬಿ ನಾಮಸ್ಮರಣೆ ಮಾಡುವ ಪಂಥವೊಂದು ರಷ್ಯಾದಲ್ಲಿತ್ತು. ಯೆಗೊರೋವ್ ಅದಕ್ಕೆ ಹತ್ತಿರದವರು. ತಮಾಷೆ ನೋಡಿ, 1913ರಲ್ಲಿ ಇದೇ ಪಂಥದ ಸನ್ಯಾಸಿಗಳನ್ನು ಗ್ರೀಸಿನ ಅಥೋಸ್ ಬೆಟ್ಟದಿಂದ ಬಲವಂತವಾಗಿ ಹಡಗು ಹತ್ತಿಸಿದ್ದು ಜಾರ್ ಚಕ್ರವರ್ತಿಯ ಸೈನಿಕರು! ಜಾರ್ ಹೋಗಿ ಸ್ಟಾಲಿನ್ ಬಂದರೂ ಆ ನಂಬಿಕೆಯ ಮೇಲಿನ ಸಿಟ್ಟು ಹೋಗಲಿಲ್ಲ. ಯೆಗೊರೋವ್ ತಮ್ಮ ನಂಬಿಕೆಯನ್ನು ಯಾರ ಮೇಲೂ ಹೇರಲಿಲ್ಲ. ಆದರೆ ಮುಚ್ಚಿಡಲೂ ಇಲ್ಲ.

1920ರ ದಶಕದ ಕೊನೆಗೆ ಒತ್ತಡ ಹೆಚ್ಚಾಯಿತು. ಗಣಿತವೂ ಪಕ್ಷದ ದಾರಿಯಲ್ಲೇ ನಡೆಯಬೇಕು ಅನ್ನುವ ಕೂಗೆದ್ದಿತು. ಆಗ ಎಲ್ಲರ ಬಾಯಲ್ಲೂ ಇದ್ದ ಪದ ‘ವಿಧ್ವಂಸಕ’. ಯಾರ ಮೇಲೆ ಸಿಟ್ಟಿದೆಯೋ ಅವರ ಹಣೆಗೆ ಆ ಪಟ್ಟಿ ಅಂಟಿಸೋದು. ಯೆಗೊರೋವ್ ಅದಕ್ಕೆ ಕೊಟ್ಟ ಉತ್ತರ ಚರಿತ್ರೆಯಲ್ಲಿ ಉಳಿದಿದೆ. ವಿಜ್ಞಾನಿಗಳೆಲ್ಲರ ಮೇಲೂ ಒಂದೇ ಲೋಕದೃಷ್ಟಿಯನ್ನು ಹೇರುವುದಿದೆಯಲ್ಲ, ನಿಜವಾದ ವಿಧ್ವಂಸಕ ಕೆಲಸ ಅದೇ ಅಂತ ಅವರು ಹೇಳಿದರು. ಅರವತ್ತರ ಹರೆಯದ ಮೇಷ್ಟ್ರು, ಯಾವ ಕಾಲದಲ್ಲಿ, ಯಾರ ಎದುರು ಈ ಮಾತು ಹೇಳಿದರು ಯೋಚನೆ ಮಾಡಿ.

ನಿರ್ದೇಶಕ ಹುದ್ದೆ ಹೋಯಿತು. 1930ರಲ್ಲಿ ಬಂಧನವೂ ಆಯಿತು. ಸರ್ಕಾರಕ್ಕೆ ಬಾಗದ ಚರ್ಚಿನ ಗುಂಪಿನ ಜೊತೆ ಸೇರಿ ಪಿತೂರಿ ಮಾಡಿದರು ಅನ್ನೋದು ಆರೋಪ. ಅದರ ಬೆನ್ನಿಗೇ ಗಣಿತ ಸಂಘದೊಳಗೆ ಯುವಕರ ಗುಂಪೊಂದು ಹೇಳಿಕೆ ಹೊರಡಿಸಿ, ಹಳೆಯ ನಾಯಕತ್ವ ಪ್ರತಿಗಾಮಿ ಎಂದು ಸಾರಿತು. ಸಹಿ ಹಾಕಿದವರಲ್ಲಿ ಲ್ಯುಸ್ತೆರ್ನಿಕ್, ಶ್ನಿರೆಲ್ಮನ್, ಪೊಂತ್ರ್ಯಾಗಿನ್ ಇದ್ದರು. ಎಲ್ಲರೂ ಪ್ರತಿಭಾವಂತರು. ಯೆಗೊರೋವ್ ನೆಟ್ಟ ಮರದ ಕೊಂಬೆಗಳೇ. ಅವರನ್ನು ದ್ರೋಹಿಗಳು ಅಂತ ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಬೆಚ್ಚಗಿನ ಸ್ಟುಡಿಯೋದಲ್ಲಿ ಕೂತು ತೀರ್ಪು ಕೊಡೋದು ಸುಲಭ. ಆ ಭಯ ನಾನು ಕಂಡದ್ದಲ್ಲ, ನೀವೂ ಕಂಡದ್ದಲ್ಲ.

ಆದರೆ ಇದೇ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ನಿಕೊಲಾಯ್ ಚೆಬೊತಾರ್ಯೋವ್. ಯೆಗೊರೋವ್ ಕೈಯಲ್ಲಿ ಕಲಿತವರಲ್ಲ. ಕಡುಕಷ್ಟದ ದಿನಗಳಲ್ಲಿ ಒಡೆಸ್ಸಾದಲ್ಲಿ ನೀರು ಹೊತ್ತುಕೊಂಡು, ತಾಯಿ ಮಾರುವ ಎಲೆಕೋಸು ಹೊತ್ತುಕೊಂಡು ಓಡಾಡುತ್ತಲೇ ತಮ್ಮ ಅತ್ಯುತ್ತಮ ಪ್ರಮೇಯವನ್ನು ಯೋಚಿಸಿದ ಮನುಷ್ಯ. 1924ರಲ್ಲಿ ಅವರಿಗೆ ಮಾಸ್ಕೋದ ಇಂಜಿನಿಯರಿಂಗ್ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಅದು ಯೆಗೊರೋವ್‌ರನ್ನು ತೆಗೆದುಹಾಕಿ ಖಾಲಿ ಮಾಡಿದ್ದ ಜಾಗ. ಆ ಕುರ್ಚಿಯಲ್ಲಿ ಕೂರಲು ಅವರ ಮನಸ್ಸು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ಒಡೆಸ್ಸಾಕ್ಕೆ ವಾಪಸ್. ಆಮೇಲೆ ಕಜಾನ್ ವಿಶ್ವವಿದ್ಯಾಲಯ ಸೇರಿದರು.

ಯೆಗೊರೋವ್‌ರನ್ನು ಸರ್ಕಾರ ಗಡಿಪಾರು ಮಾಡಿದ್ದು ಎಲ್ಲಿಗೆ ಗೊತ್ತಾ? ಅದೇ ಕಜಾನ್‌ಗೆ. ಜೈಲಿನಲ್ಲಿ ಅವರು ಉಪವಾಸ ಕೂತರು. ದೇಹ ಸೋತಾಗ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಅವರನ್ನು ಉಳಿಸಲು ಒದ್ದಾಡಿದ ವೈದ್ಯೆ ಮರಿಯಾ ಸ್ಮಿರ್ನಿತ್ಸ್ಕಾಯಾ, ಚೆಬೊತಾರ್ಯೋವ್ ಅವರ ಪತ್ನಿ. ಉಳಿಸಲಾಗಲಿಲ್ಲ. 1931ರ ಸೆಪ್ಟೆಂಬರ್ 10ರಂದು ಯೆಗೊರೋವ್ ತೀರಿಕೊಂಡರು. ಕಜಾನ್‌ನ ಆರ್ಸ್ಕೊಯೆ ಸ್ಮಶಾನದಲ್ಲಿ ಮಣ್ಣಾದರು. ಯೂಕ್ಲಿಡ್‌ನ ಜ್ಯಾಮಿತಿಗೆ ಸವಾಲು ಹಾಕಿದ ಲೊಬಚೆವ್‌ಸ್ಕಿಯ ಸಮಾಧಿ ಇರುವುದೂ ಅಲ್ಲೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1936ರ ಜುಲೈನಲ್ಲಿ ‘ಪ್ರಾವ್ದಾ’ ಪತ್ರಿಕೆ ಲೂಜಿನ್ ಮೇಲೆ ಬಿತ್ತು. ಸೋವಿಯತ್ ಮುಖವಾಡ ಹಾಕಿದ ಶತ್ರು ಅಂತ ಬರೆಯಿತು. ಒಳ್ಳೆಯ ಪ್ರಬಂಧಗಳನ್ನು ವಿದೇಶದಲ್ಲಿ ಅಚ್ಚು ಹಾಕಿಸಿದರು, ಶಿಷ್ಯರ ಕೆಲಸ ಕದ್ದರು ಎಂಬ ಆರೋಪಗಳು. ವಿಜ್ಞಾನ ಅಕಾಡೆಮಿಯ ಆಯೋಗದ ಮುಂದೆ ಅವರ ವಿರುದ್ಧ ಮಾತಾಡಿದವರು ಯಾರು? ಸ್ವಂತ ಶಿಷ್ಯರು. ಅಲೆಕ್ಸಾಂದ್ರೋವ್ ಮುಂಚೂಣಿಯಲ್ಲಿದ್ದರು, ಕೊಲ್ಮೊಗೊರೋವ್ ಕೂಡ ಇದ್ದರು. ಅದರ ಹಿಂದೆ ಬರೀ ಭಯ ಇರಲಿಲ್ಲ, ಹಳೆಯ ಮನಸ್ತಾಪಗಳೂ ಇದ್ದವು. ಲೂಜಿನ್ ಪರವಾಗಿ ಪ್ರಧಾನಿ ಮೊಲೊತೋವ್‌ಗೆ ನೇರವಾಗಿ ಪತ್ರ ಬರೆದವರು ಭೌತವಿಜ್ಞಾನಿ ಕಪಿತ್ಸಾ. ಅವರೂ ಲೂಜಿನ್ ಶಿಷ್ಯರಲ್ಲ! ಕೊನೆಗೆ ಲೂಜಿನ್‌ಗೆ ಜೈಲಾಗಲಿಲ್ಲ, ಅಕಾಡೆಮಿಯ ಸದಸ್ಯತ್ವವೂ ಹೋಗಲಿಲ್ಲ. ಆದರೆ ಕಳಂಕ ಉಳಿಯಿತು. ಅವರು ತೀರಿಕೊಂಡದ್ದು 1950ರಲ್ಲಿ. ರಷ್ಯಾದ ವಿಜ್ಞಾನ ಅಕಾಡೆಮಿ ಆ ಹಳೆಯ ನಿರ್ಣಯವನ್ನು ರದ್ದು ಮಾಡಿದ್ದು 2012ರಲ್ಲಿ. ಎಪ್ಪತ್ತಾರು ವರ್ಷ ಬೇಕಾಯಿತು.

ನಾವು ಗುರು-ಶಿಷ್ಯ ಸಂಬಂಧದ ಬಗ್ಗೆ ಭಾರೀ ಮಾತಾಡುವ ಜನ. ವರ್ಷಕ್ಕೊಂದು ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಕೊಡ್ತೀವಿ. ಚೆಬೊತಾರ್ಯೋವ್ ಇದ್ಯಾವುದನ್ನೂ ಕೊಡಲಿಲ್ಲ. ಸರ್ಕಾರವನ್ನು ಎದುರಿಸಿ ಘೋಷಣೆ ಕೂಗುವ ಶಕ್ತಿಯೂ ಅವರಿಗಿರಲಿಲ್ಲ. ಒಬ್ಬರಿಗೆ ಅನ್ಯಾಯ ಮಾಡಿ ಖಾಲಿ ಮಾಡಿದ ಕುರ್ಚಿ ನನಗೆ ಬೇಡ ಅಂದರು, ಅಷ್ಟೇ. ಹೀರೋ ಆಗಿ ಅಂತ ಯಾರಿಗೂ ಹೇಳುವ ಹಕ್ಕು ನನಗಿಲ್ಲ ವೀಕ್ಷಕರೇ. ಆದರೆ ಬೇಡ ಅನ್ನುವ ಒಂದು ಮಾತು, ಎಂಥ ಕೆಟ್ಟ ಕಾಲದಲ್ಲೂ ಹೇಳಲು ಸಾಧ್ಯವಿತ್ತು ಅಂತ ಅವರು ತೋರಿಸಿದ್ದಾರೆ.