ಮುಳ್ಳು ಹೇಳುವ ಸುಳ್ಳು

1908ರಲ್ಲಿ ಬಂದ ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರಿಗೆ ಆಯಿಲ್ ಗೇಜೇ ಇರಲಿಲ್ಲ. ಆಯಿಲ್ ಪಂಪೂ ಇರಲಿಲ್ಲ. ಎಂಜಿನ್ನಿನೊಳಗೆ ತಿರುಗುವ ಭಾಗಗಳೇ ಎಣ್ಣೆ ಎರಚಿಕೊಳ್ಳುತ್ತಿದ್ದವು. ಎಣ್ಣೆ ಎಷ್ಟಿದೆ ಅಂತ ತಿಳಿಯಬೇಕಾದರೆ ಕಾರಿನ ಕೆಳಗೆ ಕೈ ಹಾಕಿ, ಎಂಜಿನ್ ತಳದಲ್ಲಿ ಒಂದರ ಮೇಲೊಂದು ಇದ್ದ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಬೇಕಿತ್ತು. ಮೇಲಿನದರಿಂದ ಬಂದರೆ ಬೇಕಾದಷ್ಟಿದೆ, ಕೆಳಗಿನದರಿಂದಲೂ ಬರದಿದ್ದರೆ ಗಾಡಿ ಎತ್ತಬಾರದು. ಬಟ್ಟೆ ಕೊಳೆಯಾಗುತ್ತಿತ್ತು ನಿಜ, ಆದರೆ ನೋಡುತ್ತಿದ್ದದ್ದು ಎಣ್ಣೆಯನ್ನೇ. ಅಲ್ಲಿಂದೀಚೆಗೆ ಎಣ್ಣೆಗೂ ಡ್ರೈವರಿನ ಕಣ್ಣಿಗೂ ನಡುವೆ ಒಂದೊಂದೇ ದಲ್ಲಾಳಿ ಸೇರುತ್ತಾ ಬಂದ. ಗೇಜು ತಪ್ಪು ತೋರಿಸಿದಾಗ ಹೆಚ್ಚಾಗಿ ಕೆಟ್ಟಿರೋದು ಈ ದಲ್ಲಾಳಿ.

ಪಂಪಿನ ಒತ್ತಡದಿಂದ ಬೇರಿಂಗುಗಳಿಗೆ ಎಣ್ಣೆ ಕಳಿಸುವ ಎಂಜಿನ್ನುಗಳು ಬಂದಾಗ, ಒತ್ತಡ ಅಳೆಯುವ ಸಾಧನವನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ಉಗಿ ಎಂಜಿನ್ನುಗಳ ಕಾಲದಲ್ಲೇ, 1849ರಲ್ಲಿ, ಪ್ಯಾರಿಸ್ಸಿನ ಯೂಜೀನ್ ಬೂರ್ದೋಂ ಅದಕ್ಕೆ ಪೇಟೆಂಟ್ ಪಡೆದಿದ್ದ. ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆಯೊಳಗೆ ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ, ಸುರುಳಿ ಬಿಚ್ಚಿಕೊಳ್ಳುವ ಪೀಪಿ ಇದೆಯಲ್ಲ, ಹಾಗೆ. ಆ ಸಣ್ಣ ಚಲನೆಯನ್ನು ಹಲ್ಲಿನ ಚಕ್ರದ ಮೂಲಕ ಮುಳ್ಳಿಗೆ ದಾಟಿಸಿದರೆ ಆಯಿತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಗೇಜು ಈ ಜಾತಿಯದೇ. ತೆಳುವಾದ ಕೊಳವೆಯಲ್ಲಿ ಎಂಜಿನ್ನಿನ ಎಣ್ಣೆಯೇ ಡ್ಯಾಶ್‌ಬೋರ್ಡಿನವರೆಗೂ ಬರುತ್ತಿತ್ತು. ಕೊಳವೆ ಒಡೆದರೆ ಕಾಲ ಮೇಲೆ ಬಿಸಿ ಎಣ್ಣೆ. ಆದರೆ ಸುಳ್ಳು ಹೇಳಲು ಅದಕ್ಕೆ ಅವಕಾಶ ಕಡಿಮೆ.

ಆಮೇಲೆ ಕರೆಂಟು ಬಂತು. ಎಣ್ಣೆ ಎಂಜಿನ್ನಿನಲ್ಲೇ ಉಳಿಯಿತು, ಡ್ಯಾಶ್‌ಬೋರ್ಡಿಗೆ ಬರೀ ಒಂದು ವೈರು. ಎಂಜಿನ್ನಿಗೆ ತಿರುಪಿದ ಸೆಂಡರ್ ಒತ್ತಡಕ್ಕೆ ತಕ್ಕಂತೆ ತನ್ನ ರೆಸಿಸ್ಟೆನ್ಸ್ ಬದಲಿಸುತ್ತದೆ, ಗೇಜು ಅದನ್ನು ಒತ್ತಡ ಅಂತ ಓದುತ್ತದೆ. ಗೋಳು ಶುರುವಾಗಿದ್ದು ಇಲ್ಲೇ, ಯಾಕಂದ್ರೆ ಈ ಭಾಷೆಯನ್ನು ಎಲ್ಲರೂ ಒಂದೇ ಥರ ಆಡಲಿಲ್ಲ. ಜರ್ಮನಿಯ ವಿಡಿಓ ಸೆಂಡರ್ ಒತ್ತಡ ಸೊನ್ನೆ ಇದ್ದಾಗ ಸುಮಾರು 10 ಓಮ್, ತುಂಬಿದಾಗ 180ರ ಆಸುಪಾಸು. ಅಮೆರಿಕದಲ್ಲಿ ಚಾಲ್ತಿಗೆ ಬಂದದ್ದು ತಿರುಗುಮುರುಗು: ಸೊನ್ನೆಗೆ 240, ತುಂಬಿದರೆ 33. ಒಬ್ಬನ ಸೆಂಡರಿಗೆ ಇನ್ನೊಬ್ಬನ ಗೇಜು ಕಟ್ಟಿದರೆ ಏನಾಗಬಹುದು, ನೀವೇ ಯೋಚಿಸಿ.

ನನ್ನ ಗೆಳೆಯನ ಹಳೇ ಜೀಪಿನಲ್ಲಿ ಆಗಿದ್ದು ಅದೇ. ಜೆ.ಸಿ. ರಸ್ತೆಯಲ್ಲಿ ಚೆಂದದ ಗೇಜು ಕೊಂಡು ಹಾಕಿಸಿದ್ದ. ಆಕ್ಸಿಲರೇಟರ್ ಒತ್ತಿದಷ್ಟೂ ಮುಳ್ಳು ಇಳಿಯುತ್ತಿತ್ತು. "ಬೇರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು" ಅಂದರು ಗ್ಯಾರೇಜಿನಲ್ಲಿ. ಅವನು ಲೋನಿನ ಲೆಕ್ಕ ಹಾಕುತ್ತಿದ್ದ. "ಎಂಜಿನ್ ಸ್ಟಾರ್ಟ್ ಮಾಡ್ಬೇಡ, ಬರೀ ಕೀ ತಿರುಗಿಸಿ ನೋಡಪ್ಪ" ಅಂದೆ. ಮುಳ್ಳು ನೇರ ಹೋಗಿ ಕೊನೆಗೆ ಅಂಟಿಕೊಂಡಿತು. ಪಂಪೇ ತಿರುಗದಿರುವಾಗ ಅಷ್ಟು ಒತ್ತಡ ಎಲ್ಲಿಂದ ಬಂತು? 10 ಓಮ್ ಸೆಂಡರ್, 240ರ ಗೇಜು. ಮದುವೆಯೇ ತಪ್ಪು.

ಜೋಡಿ ಸರಿಯಿದ್ದರೂ ಇನ್ನೊಂದು ತೊಡಕುಂಟು. ಒಂದೇ ವೈರಿನ ಸೆಂಡರಿಗೆ ಅರ್ಥ್ ಸಿಗೋದು ಎಂಜಿನ್ನಿಗೆ ತಿರುಪಿದ ಥ್ರೆಡ್ಡಿನಿಂದಲೇ. ಲೀಕ್ ಆಗದಿರಲಿ ಅಂತ ಅದಕ್ಕೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ಥ್ ಕೆಡಬಹುದು, ರೆಸಿಸ್ಟೆನ್ಸ್ ಏರುತ್ತದೆ. ಆಗ ಅಮೆರಿಕದ ಗೇಜು ಒತ್ತಡ ಕಡಿಮೆ ಅಂತ ಹೆದರಿಸುತ್ತದೆ. ವಿಡಿಓ ಗೇಜು ಹೆಚ್ಚು ಅಂತ ಸಮಾಧಾನ ಹೇಳುತ್ತದೆ. ನನಗೆ ಭಯ ಇರೋದು ಈ ಎರಡನೆಯದರ ಮೇಲೆ. ಹೆದರಿಸುವ ಸುಳ್ಳಿನಿಂದ ದುಡ್ಡು ಹೋಗುತ್ತೆ, ಸಮಾಧಾನದ ಸುಳ್ಳಿನಿಂದ ಎಂಜಿನ್ನೇ ಹೋಗುತ್ತೆ. ಹಾಗಾಗಿ ಓಡುತ್ತಿರುವಾಗ ಮುಳ್ಳು ಸೊನ್ನೆಗೆ ಬಿದ್ದರೆ ಮೊದಲು ಅದನ್ನು ನಂಬಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಡಿಪ್‌ಸ್ಟಿಕ್ ನೋಡಿ. ಅನುಮಾನ ಆಮೇಲೆ ಪಡೋಣ.

ಸಮಾಧಾನದ ಸುಳ್ಳನ್ನು ಕಂಪನಿಗಳೇ ಬೇಕೆಂದು ಕಟ್ಟಿದ್ದೂ ಇದೆ. 1980ರ ದಶಕದ ಕೊನೆಯ ಹೊತ್ತಿಗೆ ಫೋರ್ಡ್ ತನ್ನ ಹಲವು ಗಾಡಿಗಳಲ್ಲಿ ಸೆಂಡರ್ ತೆಗೆದು ಬರೀ ಆನ್-ಆಫ್ ಸ್ವಿಚ್ ಇಟ್ಟಿತು. ಕನಿಷ್ಠ ಒತ್ತಡ ದಾಟಿದರೆ ಸಾಕು, ಮುಳ್ಳು ನಡುವಿಗೆ ಬಂದು ಕೂರುತ್ತದೆ. ಮಾಜ್ದಾ ಕೂಡ ಮಿಯಾಟಾ ಕಾರಿನಲ್ಲಿ 1990ರ ದಶಕದ ಮಧ್ಯದಲ್ಲಿ ಇದನ್ನೇ ಮಾಡಿತು. ಕೆಂಪು ದೀಪಕ್ಕೆ ಮುಳ್ಳಿನ ವೇಷ! ನಿಜವಾದ ಅಂಕಿ ಬೇಕಾದವರು ಹೊರಗಿನ ಗೇಜು ಕೊಂಡು ಹಾಕುವುದಕ್ಕೆ ಇದೂ ಒಂದು ಕಾರಣ.

ಎಲೆಕ್ಟ್ರಿಕ್ ಗೇಜಿನ ಮೇಲೆ ಅನುಮಾನ ಬಂದರೆ ತಿಳಿದ ಮೆಕ್ಯಾನಿಕ್ ಸೆಂಡರ್ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜು ತಿರುಪುತ್ತಾನೆ. ಅದರೊಳಗಿರೋದು ಬೂರ್ದೋಂನ ಕೊಳವೆಯೇ. ತಿರುಪುವಾಗ ಥ್ರೆಡ್ ನೋಡಿಕೊಳ್ಳಬೇಕು ಅಷ್ಟೆ: ಅಮೆರಿಕದ ಎನ್‌ಪಿಟಿ ಇಂಚಿಗೆ 27 ಸುತ್ತು, ಬ್ರಿಟಿಷ್ ಬಿಎಸ್‌ಪಿ 28. ಮೊದಲೆರಡು ಸುತ್ತು ಒಳ್ಳೆಯವನ ಹಾಗೆ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ಗೆಳೆಯನ ಜೀಪಿಗೆ ಹೀಗೆ ಅಳೆದಾಗ ಒತ್ತಡ ಸರಿಯಾಗೇ ಇತ್ತು. ಎಂಜಿನ್ ಇಳಿಸಲಿಲ್ಲ, ಗೇಜಿಗೆ ಹೊಂದುವ ಸೆಂಡರ್ ಹಾಕಿಸಿದ.

ವಾರದ ನಂತರ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಿಂದ ಫೋನು: "ಲೋ, ಮುಳ್ಳು ಮತ್ತೆ ಇಳೀತಿದೆ!" ಗಾಡಿ ಮುಕ್ಕಾಲು ಗಂಟೆಯಿಂದ ಬಿಸಿಲಲ್ಲಿ ತೆವಳುತ್ತಿತ್ತಂತೆ. ಕಾದ ಎಣ್ಣೆ ತೆಳುವಾಗುತ್ತೆ, ಐಡಲಿಂಗಿನಲ್ಲಿ ಪಂಪೂ ನಿಧಾನ, ಒತ್ತಡ ಇಳಿಯಲೇಬೇಕು. ಸ್ವಲ್ಪ ಆಕ್ಸಿಲರೇಟರ್ ಕೊಡು ಅಂದೆ. ಏರಿತು ಅಂದ.