ಒಂದು ಪೋಸ್ಟ್‌ಕಾರ್ಡು, ಒಂದು ರಾಟೆ

ಹೋದ ತಿಂಗ್ಳು ನನ್ನ ಮಗಳು ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ಲು. ಬಳ್ಳಾರಿ ಕಡೆಯಿಂದ ಬರೋ ರಾತ್ರಿ ಬಸ್ಸಿಗೆ ರಾಂಪುರದಾಗೆ ನಾನೇ ಹತ್ತಿಸಿ ಬಂದಿದ್ದೆ. ಸಾಫ್ಟ್‌ವೇರ್ ಕಂಪನಿ, ಹೆಸರು ಬ್ಯಾಡ. ಬರೆಯೋ ಪರೀಕ್ಷೆ ಪಾಸಾದ್ಲು, ಕೋಡಿಂಗ್ ಕೇಳೋರ ಮುಂದೆನೂ ಪಾಸಾದ್ಲು. ಕೊನೇಗೆ ಎಚ್‌ಆರ್‌ನೋರು ಕೇಳಿದ್ದು: ಮದುವೆ ಯಾವಾಗ, ಆದ್ಮೇಲೂ ಕೆಲಸಕ್ಕೆ ಬರ್ತೀರಾ? "ಗೊತ್ತಿಲ್ಲ ಸಾರ್" ಅಂದ್ಲಂತೆ. ಮನೆಗೆ ಬಂದು ಬ್ಯಾಗು ಇಟ್ಟೋಳೇ, "ಅಮ್ಮಾ, ನಾನು ಏನನ್ನಬೇಕಿತ್ತು?" ಅಂದ್ಲು. ನನಗೂ ತಕ್ಷಣ ತೋಚಲಿಲ್ಲ. ಹಳೇದೊಂದು ನೆನಪಾತು, ಅದನ್ನೇ ಹೇಳಿದೆ.

1974ರ ಮಾತು. ಶಿಗ್ಗಾಂವಿಯಾಗೆ ಹುಟ್ಟಿ, ಹುಬ್ಬಳ್ಳಿ ಬಿ.ವಿ.ಬಿ. ಕಾಲೇಜಿನಾಗೆ ಇಂಜಿನಿಯರಿಂಗ್ ಮುಗಿಸಿದ್ದ ಸುಧಾ ಕುಲಕರ್ಣಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗೆ ಓದ್ತಿದ್ರು. ನೋಟಿಸ್ ಬೋರ್ಡಿನಾಗೆ ಟೆಲ್ಕೋ ಕಂಪನಿಯ ಜಾಹೀರಾತು ಕಾಣಿಸ್ತು. ಇವತ್ತಿನ ಟಾಟಾ ಮೋಟರ್ಸ್ ಅದೇ. ಇಂಜಿನಿಯರ್‌ಗಳು ಬೇಕು, ಕೊನೇ ಸಾಲಿನಾಗೆ ಮಾತ್ರ ಹೆಂಗಸರು ಅರ್ಜಿ ಹಾಕೋದು ಬ್ಯಾಡ ಅಂತ. ಸಿಟ್ಟು ಬಂದು ಒಂದು ಪೋಸ್ಟ್‌ಕಾರ್ಡ್ ತಗಂಡು ನೇರ ಜೆ.ಆರ್.ಡಿ. ಟಾಟಾ ಅವರಿಗೇ ಬರೆದ್ರು. ಸ್ವಲ್ಪ ದಿನಕ್ಕೆ ಟೆಲಿಗ್ರಾಂ ಬಂತು: ಪುಣೆಗೆ ಇಂಟರ್‌ವ್ಯೂಗೆ ಬನ್ನಿ, ಖರ್ಚು ಕಂಪನೀದೇ.

ಹಾಸ್ಟೆಲಿನ ಗೆಳತೇರು, ಹೆಂಗೂ ಹೋಗ್ತೀಯ, ಪುಣೆ ಸೀರೆ ತಗಂಬಾ ಅಂತ ತಲೆಗೆ ಮೂವತ್ತು ರೂಪಾಯಿ ಕೊಟ್ಟು ಕಳಿಸಿದ್ರಂತೆ. ಇಲ್ಲೇ ಮೊಳಕಾಲ್ಮೂರು ರೇಷ್ಮೆ ಸೀರೆ ಇಟ್ಕಂಡು ಪುಣೆ ಸೀರೆ ಯಾಕೆ ಅಂತ ನನಗೆ ಇವತ್ತಿಗೂ ಸಣ್ಣ ಮುನಿಸು. ಇರ್ಲಿ. ಅಲ್ಲಿ ಕೂತಿದ್ದೋರು, ಫ್ಯಾಕ್ಟರಿ ಒಳಗೆ ಇಲ್ಲೀತನಕ ಹೆಂಗಸರನ್ನ ತಗಂಡಿಲ್ಲ ಅಂದ್ರು. ಎಲ್ಲಾದ್ರೂ ಶುರು ಮಾಡ್ಲೇಬೇಕಲ್ಲ ಅನ್ನೋ ಅರ್ಥದಾಗೆ ಈಯಮ್ಮ ಉತ್ತರ ಕೊಟ್ರು. ಕೆಲಸ ಸಿಕ್ತು. ಟೆಲ್ಕೋ ಫ್ಯಾಕ್ಟರಿಯಾಗೆ ಮೊದಲ ಮಹಿಳಾ ಇಂಜಿನಿಯರ್. ಕೆಲಸಕ್ಕೆ ತಗಳ್ಳುವಾಗ ಗಂಡು ಹೆಣ್ಣು ಭೇದ ಮಾಡಬಾರದು ಅನ್ನೋ ಸಮಾನ ವೇತನ ಕಾಯ್ದೆ ಬಂದಿದ್ದು ಆಮೇಲೆ, 1976ಕ್ಕೆ.

ಇಲ್ಲೀಗಂಟ ಎಲ್ಲಾರೂ ಹೇಳ್ತಾರೆ. ನನಗೆ ಅದರ ಮುಂದಿಂದೇ ಜಾಸ್ತಿ ಕಾಡೋದು. 1978ರಾಗೆ ನಾರಾಯಣ ಮೂರ್ತಿಯವರ ಜೊತೆ ಮದುವೆ ಆತು. 1981ರಾಗೆ ಏಳು ಜನ ಸೇರಿ ಪುಣೆಯಾಗೆ ಇನ್ಫೋಸಿಸ್ ಶುರು ಮಾಡಿದಾಗ ಕೈಗೆ ಬಂದ ಬಂಡವಾಳ ಈಯಮ್ಮ ಉಳಿಸಿಟ್ಟಿದ್ದ 10,000 ರೂಪಾಯಿ. ಮನೇನೇ ಆಫೀಸು. ಅಡುಗೆ ಮಾಡಿದ್ರು, ಗುಮಾಸ್ತಿಕೆ ಮಾಡಿದ್ರು, ಪ್ರೋಗ್ರಾಂನೂ ಬರೆದ್ರು. ಆದ್ರೆ ಗಂಡ ಹೆಂಡ್ತಿ ಇಬ್ರೂ ಒಂದೇ ಕಂಪನಿಯಾಗೆ ಇರೋದು ಬ್ಯಾಡ, ಒಬ್ರೇ ಇರಬೇಕು ಅಂತ ಮೂರ್ತಿಯವರು ನಿಯಮ ಇಟ್ರು. ಒಬ್ರು ಅಂದ್ರೆ ಯಾರು ಅಂತ ಬಿಡಿಸಿ ಹೇಳ್ಬೇಕಾ? ಒಂದು ಪೋಸ್ಟ್‌ಕಾರ್ಡಿಗೆ ಟೆಲ್ಕೋ ಬಾಗಿಲು ತೆಗಿತು, ಮನೆಯಾಗೇ ಹುಟ್ಟಿದ ಕಂಪನಿ ಬಾಗಿಲು ತೆಗೀಲಿಲ್ಲ. ಸ್ಥಾಪಕರು ಏಳು ಜನ ಅಂತಾನೇ ಲೆಕ್ಕ. 2024ರಾಗೆ ಮೂರ್ತಿಯವರೇ ಒಂದು ಸಂದರ್ಶನದಾಗೆ, ಅದು ತಪ್ಪು ಆದರ್ಶ ಆಗಿತ್ತು, ನಮ್ಮೆಲ್ಲರಿಗಿಂತ ಅವಳೇ ಹೆಚ್ಚು ಅರ್ಹಳಿದ್ಲು ಅನ್ನೋ ಅರ್ಥದಾಗೆ ಒಪ್ಕಂಡ್ರು. ಒಪ್ಕಂಡಿದ್ದು ದೊಡ್ಡದೇ. ನಲವತ್ತು ವರ್ಷದ ಮೇಲಾಗಿತ್ತು, ಅಷ್ಟೆ.

ಇದೇನು ಕಂಪ್ಯೂಟರ್ ಬಂದ ಮೇಲಿನ ಪದ್ಧತಿ ಅಲ್ಲ. ಮೊಳಕಾಲ್ಮೂರಿನ ನಮ್ಮ ಸೋದರತ್ತೆ ಮನೆಯಾಗೆ ಮಗ್ಗ ಇತ್ತು. ಮಾವ ಗುಂಡಿಯಾಗೆ ಕಾಲು ಬಿಟ್ಕಂಡು ನೇಯೋರು. ಬೆಳಗ್ಗೆ ಕಸ ಮುಸುರೆ ಮುಗಿಸಿ ಅತ್ತೆ ರಾಟೆ ಮುಂದೆ ಕೂತ್ರೆ ಮಧ್ಯಾಹ್ನದವರೆಗೂ ಕಂಡಿಕೆ ಸುತ್ತೋರು. ಅವ್ರು ಸುತ್ತದಿದ್ರೆ ಲಾಳಿ ಓಡಾದಿಲ್ಲ, ಸೀರೆ ಆಗಾದಿಲ್ಲ. ಕೂಲಿ ಮಾತ್ರ ಸೀರೆ ಲೆಕ್ಕ, ಮಾವನ ಕೈಗೆ. ಯಾರಾದ್ರೂ ಪಟ್ಟಿ ಹಿಡ್ಕಂಡು ಬಂದು ನಿಮ್ಮ ಹೆಂಡ್ತಿ ಏನ್ ಮಾಡ್ತಾರೆ ಅಂದ್ರೆ, "ಮನೆಯಾಗೆ ಇರ್ತಾಳೆ" ಅನ್ನೋರು ಮಾವ. ಅತ್ತೆ ರಾಟೆ ತಿರುಗಿಸ್ತಾನೇ ಹೌದು ಅಂತ ತಲೆ ಆಡಿಸೋರು. ಚಿಕ್ಕೋಳಿದ್ದಾಗ ನಾನೂ ಅದು ನಿಜ ಅಂತಾನೇ ತಿಳ್ಕಂಡಿದ್ದೆ.

ಮಗಳು ಎಲ್ಲಾ ಕೇಳಿಸ್ಕಂಡ್ಲು. ಆ ಕಂಪನಿಯಿಂದ ಇನ್ನೂ ಮೇಲ್ ಬಂದಿಲ್ಲ. ಬರೋ ಸೋಮವಾರ ಬ್ಯಾರೆ ಕಡೆ ಇಂಟರ್‌ವ್ಯೂ ಐತೆ. ಈ ಸಾರಿ ಅದೇ ಪ್ರಶ್ನೆ ಬಂದ್ರೆ, "ಹುಡುಗರಿಗೂ ಇದನ್ನ ಕೇಳ್ತೀರಾ ಸಾರ್?" ಅಂತ ಕೇಳೇ ಕೇಳ್ತಾಳಂತೆ. ಕೇಳು ಕಣಮ್ಮ ಅಂದೆ ನಾನು. ಮೊದ್ಲು ಆಫರ್ ಲೆಟರ್ ಕೈಗೆ ಬರ್ಲಿ ಅಂತಾರೆ ಅವಳ ಅಪ್ಪ.